ಕುದಿಬಿಂದು ಒಂದೇ, ಶಾಖ ಬೇರೆ

ಪ್ರಶ್ನೆ: ಸರ್, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ನಮ್ಮ ಮನೆಗೆ ಫಾರ್ಮಿಕ್ ಆಸಿಡ್ ತರುತ್ತಾರೆ. ಟ್ರೌಟನ್ ನಿಯಮದಂತೆ ಅದರ ಆವಿಯಾಗುವ ಗುಪ್ತೋಷ್ಣ ಲೆಕ್ಕ ಹಾಕಿದರೆ ಮೋಲಿಗೆ ಸುಮಾರು 33 ಕಿಲೋಜೂಲ್ ಬಂತು. ಪುಸ್ತಕದಲ್ಲಿ 22.7 ಅಂತಿದೆ. ಎಲ್ಲಿ ತಪ್ಪಿದೆ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಗುಣಾಕಾರ ಸರಿಯಿದೆ ತಂಗಿ, ನಿಯಮ ಹಚ್ಚಿದ ಜಾಗ ಸರಿಯಿಲ್ಲ. 1884ರಲ್ಲಿ ಫ್ರೆಡರಿಕ್ ಟ್ರೌಟನ್ ಹೇಳಿದ್ದಿಷ್ಟು: ಗುಪ್ತೋಷ್ಣವನ್ನು, ಅಂದರೆ ಒಂದು ಮೋಲ್ ದ್ರವ ಆವಿಯಾಗಲು ಬೇಕಾದ ಶಾಖವನ್ನು, ಕೆಲ್ವಿನ್ ಲೆಕ್ಕದ ಕುದಿಬಿಂದುವಿನಿಂದ ಭಾಗಿಸಿದರೆ ಬಹಳಷ್ಟು ದ್ರವಗಳಿಗೆ ಹತ್ತಿರ ಹತ್ತಿರ ಒಂದೇ ಸಂಖ್ಯೆ ಬರುತ್ತದೆ. ಇಂದಿನ ಮಾನದಲ್ಲಿ ಅದು 85ರಿಂದ 88 ಜೂಲ್. ಬೆಂಜೀನ್ ಕುದಿಯುವುದು 353 ಕೆಲ್ವಿನ್‌ಗೆ. 87ರಿಂದ ಗುಣಿಸು, 30.7 ಕಿಲೋಜೂಲ್. ಪುಸ್ತಕದಲ್ಲೂ ಅಷ್ಟೇ ಇದೆ.

ಶಿರಸಿಯಲ್ಲಿ ಪಾಠ ಮಾಡುವಾಗ ನಾನು ನೀರು, ಫಾರ್ಮಿಕ್ ಆಸಿಡ್ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯುತ್ತಿದ್ದೆ. ಎರಡೂ ಕುದಿಯುವುದು ನೂರು ಡಿಗ್ರಿಯ ಆಸುಪಾಸಿನಲ್ಲೇ. ಹುಡುಗರು 88ರಿಂದ ಗುಣಿಸಿ, ಎರಡಕ್ಕೂ 33 ಎಂದು ಬರೆದು ಪೆನ್ನು ಕೆಳಗಿಡುತ್ತಿದ್ದರು. ನೀರಿಗೆ ನಿಜಕ್ಕೂ ಬೇಕಾದ್ದು 40.7! ಒಂದು ಮೇಲೆ ಹೋಯಿತು, ಇನ್ನೊಂದು ಕೆಳಗೆ ಬಂತು. ಎರಡಕ್ಕೂ ಕಾರಣ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧವೇ. ನೀರಿನ ಅಣು ಆವಿಯಾಗಬೇಕಾದರೆ ಆ ಬಂಧಗಳನ್ನೆಲ್ಲ ಕಡಿದುಕೊಂಡು ಒಂಟಿಯಾಗಿ ಹೊರಡಬೇಕು. ಫಾರ್ಮಿಕ್ ಆಸಿಡ್ಡಿನವು ಹಾಗಲ್ಲ, ಬಹುಪಾಲು ಜೋಡಿ ಜೋಡಿಯಾಗಿಯೇ ಆವಿಯೊಳಗೂ ಇರುತ್ತವೆ. ಕಡಿಯಬೇಕಾದ ಬಂಧ ಕಡಿಮೆ, ಶಾಖದ ಖರ್ಚೂ ಕಡಿಮೆ. ಅಸಿಟಿಕ್ ಆಸಿಡ್ಡಿನದೂ ಇದೇ ಕಥೆ.

ಎರಡು ಉಷ್ಣತೆಗಳಲ್ಲಿ ಆವಿಯ ಒತ್ತಡ ಗೊತ್ತಿದ್ದರೆ ಟ್ರೌಟನ್ನನ ಗೊಡವೆಯೇ ಬೇಡ, ಆ ಒತ್ತಡ ಏರುವ ಬಗೆಯಿಂದಲೇ ಗುಪ್ತೋಷ್ಣ ಕೊಡುವ ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣ ಹಿಡಿ. ನೀರಿನ ಆವಿಯ ಒತ್ತಡ 25 ಡಿಗ್ರಿಯಲ್ಲಿ ಪಾದರಸದ 23.8 ಮಿಲಿಮೀಟರ್, 30ರಲ್ಲಿ 31.8. ಇವುಗಳ ಅನುಪಾತದ ಸ್ವಾಭಾವಿಕ ಲಾಗ್ 0.29. ಅದನ್ನು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿ, ಕೆಲ್ವಿನ್ ಲೆಕ್ಕದ 1/298 ಮತ್ತು 1/303ರ ವ್ಯತ್ಯಾಸದಿಂದ ಭಾಗಿಸಿದರೆ ಸುಮಾರು 43.5 ಕಿಲೋಜೂಲ್. ಆ ಉಷ್ಣತೆಯಲ್ಲಿ ಪುಸ್ತಕ ಹೇಳುವುದು 44ರ ಹತ್ತಿರ. ಕುದಿಬಿಂದುವಿನ 40.7ಕ್ಕಿಂತ ಇದು ಹೆಚ್ಚಾಯಿತಲ್ಲ ಎಂದು ಗಾಬರಿಯಾಗಬೇಡ, ಕಾದಷ್ಟೂ ಗುಪ್ತೋಷ್ಣ ಇಳಿಯುತ್ತದೆ.

ನಿನ್ನ ಆಸಿಡ್ಡಿಗೆ ಮಾತ್ರ ಈ ದಾರಿಯೂ ನೇರವಾಗಿ ಒಗ್ಗುವುದಿಲ್ಲ. ಸಮೀಕರಣದ ಪ್ರಕಾರ ಆವಿಯಲ್ಲಿರುವುದೆಲ್ಲ ಒಂಟಿ ಅಣುಗಳು. ಜೋಡಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉತ್ತರ ತೀರಾ ದೊಡ್ಡದಾಗಿ ಬರುತ್ತದೆ. ಅಂದಹಾಗೆ, ಮನೆಯ ಕ್ಯಾನಿನಲ್ಲಿರುವುದು ನೀರು ಬೆರೆತ ಆಸಿಡ್. ಇದೆಲ್ಲ ಶುದ್ಧ ದ್ರವದ ಲೆಕ್ಕ. ಪರೀಕ್ಷೆ ಮಾಡುತ್ತೇನೆಂದು ಅದನ್ನು ಒಲೆಯ ಮೇಲಿಟ್ಟೀಯ, ಅದರ ಹೊಗೆ ಕಣ್ಣು ಗಂಟಲು ಸುಡುತ್ತದೆ.