ಗದ್ದೆಯಲ್ಲಿ ಇಳಿಯುವ ವಿಮಾನಕ್ಕೆ ಯಾವ ಪ್ರೊಪೆಲರ್?

ಪ್ರಶ್ನೆ: ನನ್ನ ಹತ್ತಿರ 30 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿದ ಹೈ ವಿಂಗ್ ಟ್ರೈನರ್ ಇದೆ, ಅಂದರೆ ರೆಕ್ಕೆ ಮೇಲಿರುವ, ಕಲಿಯುವವರ ರಿಮೋಟ್ ಮಾದರಿ ವಿಮಾನ. ತೂಕ ಆರೂವರೆ ಕೆಜಿ. ಎಂಜಿನ್ ಬೆಂಗಳೂರಿನ ಗೆಳೆಯರು ಬಳಸಿದ್ದು, ಜೊತೆಗೆ 18×10 ಪ್ರೊಪೆಲರ್ ಕೂಡ ಅವರೇ ಕೊಟ್ಟರು. ಕೊಯ್ಲು ಮುಗಿದ ಗದ್ದೆಯಲ್ಲಿ ಹಾರಿಸುತ್ತೇನೆ. ಮೇಲೇಳಲು ತುಂಬಾ ದೂರ ಓಡುತ್ತದೆ. ಇಳಿಸುವಾಗ ತೇಲಿಕೊಂಡು ಹುಣಿಯವರೆಗೂ (ಗದ್ದೆಯ ಬದುವಿನವರೆಗೂ) ಹೋಗುತ್ತದೆ. ಟ್ಯಾಕೊಮೀಟರ್ 6,800 ಆರ್‌ಪಿಎಂ ತೋರಿಸುತ್ತದೆ. ಇನ್ನೂ ದೊಡ್ಡ ಎಂಜಿನ್ ಬೇಕಾ?
– ಓದುಗರು, ಉಡುಪಿ

ಉತ್ತರ: ಬೇಡ. ನಿಮ್ಮ ಎಂಜಿನ್‌ಗೆ ಶಕ್ತಿ ಸಾಕಷ್ಟಿದೆ. ಅದು ತಪ್ಪು ಕಡೆ ಖರ್ಚಾಗುತ್ತಿದೆ, ಅಷ್ಟೇ.

ಆದರೆ ಪ್ರೊಪೆಲರ್‌ಗೆ ಕೈ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಎಂಜಿನ್ ಘಟ್ಟ ಇಳಿದು ಬಂದಿದೆ ಅಲ್ವಾ? ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿನ ತೆಳು ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಲೀನ್ ಆಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಟು ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಹಾಗಾಗಿ ಲೀನ್ ಓಡಿದರೆ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಬಾಲವನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಲಿ. ಫುಲ್ ಥ್ರಾಟಲ್ ಕೊಟ್ಟು, ಎಚ್ ನೀಡಲ್ ಅನ್ನು (ಜೋರು ಓಟಕ್ಕೆ ಪೆಟ್ರೋಲ್ ಹೊಂದಿಸುವ ಕಾರ್ಬ್ಯುರೇಟರ್ ಸ್ಕ್ರೂ) ಸ್ವಲ್ಪ ಸ್ವಲ್ಪವೇ ತಿರುಗಿಸಿ ಆರ್‌ಪಿಎಂ ಅತಿ ಹೆಚ್ಚು ಬರುವ ಜಾಗ ಹುಡುಕಿ. ಅಲ್ಲಿಂದ ನೂರಿನ್ನೂರು ಆರ್‌ಪಿಎಂ ಇಳಿಯುವಷ್ಟು ನೀಡಲ್ ಸಡಿಲಿಸಿ ಬಿಡಿ. ನೀಡಲ್ ಸರಿಯಾಗದೆ ಪ್ರೊಪೆಲರ್ ಬಗ್ಗೆ ಏನು ತೀರ್ಮಾನ ಮಾಡಿದರೂ ಅದು ಊಹೆಯೇ.

ಟ್ಯಾಕೊಮೀಟರ್ ನಂಬಬಹುದಾ ಅಂತಲೂ ನೋಡಿಕೊಳ್ಳಿ. ಅದು ಎಣಿಸುವುದು ಬೆಳಕಿನ ಮಿನುಗನ್ನು, ಹಾಗಾಗಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿಗೆ ಹಿಡಿಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಬ್ಲೇಡ್ ಸೆಟ್ಟಿಂಗ್‌ನಲ್ಲಿ ಸರಿಯಾಗಿ 3,000 ತೋರಿಸಬೇಕು.

ಈಗ ಪ್ರೊಪೆಲರ್. ಮೊದಲ ಸಂಖ್ಯೆ ಅಗಲ (ಒಂದು ತುದಿಯಿಂದ ಇನ್ನೊಂದು ತುದಿಗೆ), ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ಸ್ಕ್ರೂ ಮರದೊಳಗೆ ಇಳಿಯುವ ಹಾಗೆ ಒಂದು ಸುತ್ತಿಗೆ ಇಷ್ಟು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಮತ್ತೆ 0.001524ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. ನಿಮ್ಮದು 6,800 ಮತ್ತು 10. ಅಂದರೆ ಗಂಟೆಗೆ ಸುಮಾರು 104 ಕಿ.ಮೀ. ಈ ತೂಕದ ಟ್ರೈನರ್ ಸ್ಟಾಲ್ ಆಗುವುದು, ಅಂದರೆ ವೇಗ ಸಾಲದೆ ರೆಕ್ಕೆ ವಿಮಾನವನ್ನು ಹೊರಲಾರದೆ ಹೋಗುವುದು, ಹೆಚ್ಚುಕಮ್ಮಿ 32 ಕಿ.ಮೀ. ವೇಗದಲ್ಲಿ. ನಿಧಾನದ ವಿಮಾನಕ್ಕೆ ಪಿಚ್ ವೇಗ ಸ್ಟಾಲ್ ವೇಗದ ಎರಡೂವರೆ ಪಟ್ಟು ಇದ್ದರೆ ಸಾಕು. ನಿಮ್ಮದು ಮೂರು ಪಟ್ಟು ದಾಟಿದೆ. ಅಷ್ಟು ಪಿಚ್ ಇರುವ ಬ್ಲೇಡ್, ವಿಮಾನ ನಿಂತಿರುವಾಗ ಗಾಳಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಸುಮ್ನೆ ಕಲಕುತ್ತದೆ. ಹಾಗಾಗಿ ಓಟ ಉದ್ದವಾಗುತ್ತದೆ.

19×8 ಹಾಕಿ. ಅಗಲ ಒಂದಿಂಚು ಏರಿಸಿ ಪಿಚ್ ಎರಡಿಂಚು ಇಳಿಸಿದರೆ ಎಂಜಿನ್ ಮೇಲಿನ ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದೇ 6,800ಕ್ಕೆ ಪಿಚ್ ವೇಗ 83 ಕಿ.ಮೀ.ಗೆ ಇಳಿಯುತ್ತದೆ, ಎಳೆತ ಜಾಸ್ತಿಯಾಗುತ್ತದೆ. ಇಳಿಸುವಾಗಲೂ ಲಾಭ ಇದೆ. 2,000 ಆರ್‌ಪಿಎಂ ಐಡಲ್‌ನಲ್ಲಿ ಹತ್ತರ ಪಿಚ್ 30 ಕಿ.ಮೀ. ಲೆಕ್ಕಕ್ಕೆ ತಿರುಗಿದರೆ ಎಂಟರದ್ದು 24ಕ್ಕೆ. ವಿಮಾನ ಅದಕ್ಕಿಂತ ಜೋರಾಗಿ ಬರುತ್ತಿರುವುದರಿಂದ, ಆ ಅಗಲದ ಪ್ರೊಪೆಲರ್ ಗಾಳಿಗೆ ತಟ್ಟೆ ಅಡ್ಡ ಹಿಡಿದ ಹಾಗೆ ಬ್ರೇಕ್ ಹಾಕುತ್ತದೆ. ಹುಣಿ ಮುಟ್ಟುವ ಮುಂಚೆಯೇ ನಿಲ್ಲಿಸಬಹುದು.

ಕೊಳ್ಳುವ ಮುಂಚೆ ವಿಮಾನದ ಬಾಲ ಎತ್ತಿ ಮಟ್ಟ ಮಾಡಿ, ಬ್ಲೇಡಿನ ತುದಿಯಿಂದ ನೆಲಕ್ಕೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. ಭತ್ತದ ಕೂಳೆ ಇರುವ ಗದ್ದೆಗೆ ಎರಡಿಂಚಾದರೂ ಬೇಕು. ಇಲ್ಲದಿದ್ದರೆ ದೊಡ್ಡ ಚಕ್ರ ಹಾಕಿ, ಅಥವಾ 18×8ಕ್ಕೆ ತೃಪ್ತಿಪಡಿ. 20×8 ಹಾಕುವ ಆಸೆ ಬೇಡ. ನಮ್ಮ ಮಾರ್ಚ್ ಏಪ್ರಿಲ್ ಸೆಕೆಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ.

ಪ್ರಶ್ನೆ: ಮಳೆಗಾಲ ಕಳೆದು ತೆಗೆದರೆ ಮರದ ಪ್ರೊಪೆಲರ್ ಬ್ಯಾಲೆನ್ಸ್ ತಪ್ಪಿದೆ. ಕಾರ್ಬನ್ ಫೈಬರ್ ತಗೊಳ್ಳಲಾ? ಎಲೆಕ್ಟ್ರಿಕ್ ವಿಮಾನದ ಒಂದು ನೈಲಾನ್ ಪ್ರೊಪೆಲರ್ ಕೂಡ ಇದೆ, ಅದು ನಡೆಯುತ್ತದಾ?
– ಓದುಗರು, ಸುರತ್ಕಲ್

ಉತ್ತರ: ಎಲೆಕ್ಟ್ರಿಕ್‌ನದ್ದು ಖಂಡಿತ ಬೇಡ. ಮೋಟಾರ್ ಒಂದೇ ಸಮನೆ ತಿರುಗುತ್ತದೆ. ಪೆಟ್ರೋಲ್ ಎಂಜಿನ್ ಪ್ರತಿ ಸುತ್ತಿಗೂ ಸುತ್ತಿಗೆಯಲ್ಲಿ ಹೊಡೆದ ಹಾಗೆ ಗುದ್ದುತ್ತದೆ. ಆ ಗುದ್ದಿಗೆ ತೆಳು ಬ್ಲೇಡ್ ಬುಡದಲ್ಲೇ ಮುರಿಯಬಹುದು.

ಕಾರ್ಬನ್ ಒಳ್ಳೆಯದೇ, ಆದರೆ ಬೆಲೆ ಜಾಸ್ತಿ. ನೆಲಕ್ಕೆ ಬಡಿದರೆ ಅದು ತಾನು ಮುರಿಯುವ ಮುಂಚೆ ಏಟನ್ನು ಕ್ರ್ಯಾಂಕ್‌ಶಾಫ್ಟಿಗೆ ದಾಟಿಸುತ್ತದೆ. ಮರದ್ದು ತಾನು ಮುರಿದು ಎಂಜಿನ್ ಉಳಿಸುತ್ತದೆ. ಕಲಿಯುವವರಿಗೆ ನಾನು ಮರದ್ದನ್ನೇ ಹೇಳುವುದು.

ಮರ ನಮ್ಮ ಕರಾವಳಿಯ ತೇವ ಕುಡಿಯುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ವಿಮಾನ ಮೂಲೆಯಲ್ಲಿ ಇಡುವಾಗ ಬ್ಲೇಡುಗಳನ್ನು ಅಡ್ಡವಾಗಿ ನಿಲ್ಲಿಸಿ. ನೆಟ್ಟಗೆ ನಿಂತರೆ ತೇವವೂ ಎಣ್ಣೆಯೂ ಕೆಳಗಿನ ಬ್ಲೇಡಿಗೆ ಇಳಿದು ಅದೊಂದೇ ತೂಕವಾಗುತ್ತದೆ. ನಿಮ್ಮದು ಹಾಗೇ ಆಗಿರಬೇಕು ಅಂತ ನನ್ನ ಅನಿಸಿಕೆ. ನಡುವಿನ ತೂತು, ಬೋಲ್ಟಿನ ತೂತುಗಳ ಒಳಗೆ ಪಾಲಿಯುರೆಥೇನ್ ವಾರ್ನಿಷ್ ಹಚ್ಚಿ. ಹೊಸ ಪ್ರೊಪೆಲರ್‌ನಲ್ಲಿ ಬರಿ ಮರ ಕಾಣುವುದು ಅಲ್ಲೇ. ಬ್ಯಾಲೆನ್ಸರ್ ಮೇಲಿಟ್ಟು ಹಗುರ ಇರುವ ಬ್ಲೇಡಿಗೆ ವಾರ್ನಿಷ್ ಒಂದೊಂದೇ ಪದರ ಕೊಡಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ. ಮಾರ್ಚ್ ಹೊತ್ತಿಗೆ ಮರ ಒಣಗಿ ಕುಗ್ಗುತ್ತದೆ, ಬೋಲ್ಟುಗಳು ಸಡಿಲವಾಗುತ್ತವೆ. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಮೊದಲ ಹಾರಾಟ ಆದ ಮೇಲೆ ಇನ್ನೊಮ್ಮೆ.

ಬಿರುಕು ಮಾತ್ರ ಅಂಟಿಸಲು ಹೋಗಬೇಡಿ. ಕೆಲವು ವರ್ಷಗಳ ಹಿಂದೆ ನಾನು ಆ ತಪ್ಪು ಮಾಡಿದ್ದೆ. ಕೂದಲೆಳೆಯಷ್ಟೇ ಬಿರುಕು, ಸೂಪರ್ ಗ್ಲೂ ಬಿಟ್ಟು ಉಜ್ಜಿದ್ದೆ, ಕಣ್ಣಿಗೆ ಕಾಣುತ್ತಿರಲಿಲ್ಲ. ನೆಲದ ಮೇಲೆ ಫುಲ್ ಥ್ರಾಟಲ್ ಕೊಟ್ಟಾಗ ತುದಿ ಹಾರಿತು. ಎಂಜಿನ್ ಎರಡು ಬೋಲ್ಟು ಕಿತ್ತುಕೊಂಡು ವಾಲಿತು. ಹಾರಿದ ತುಂಡು ಕೊನೆಗೂ ಸಿಗಲಿಲ್ಲ. 19 ಇಂಚಿನ ಪ್ರೊಪೆಲರ್ 6,800ರಲ್ಲಿ ತಿರುಗುವಾಗ ತುದಿಯ ವೇಗ ಗಂಟೆಗೆ 600 ಕಿ.ಮೀ. ದಾಟುತ್ತದೆ. ಅಂದು ನೋಡಲು ಬಂದಿದ್ದ ಮಕ್ಕಳು ಪ್ರೊಪೆಲರ್‌ನ ಪಕ್ಕಕ್ಕೆ ನಿಂತಿದ್ದರು. ಯಾರಿಗೂ ತಾಗಲಿಲ್ಲ. ಅವತ್ತಿನಿಂದ ಎಂಜಿನ್ ಓಡುವಾಗ ಪಕ್ಕದಲ್ಲಿ ಯಾರನ್ನೂ ನಿಲ್ಲಲು ಬಿಡುವುದಿಲ್ಲ, ಎಲ್ಲರನ್ನೂ ಬಾಲದ ಹಿಂದಕ್ಕೆ ಕಳಿಸುತ್ತೇನೆ.

ಇನ್ನೊಂದು ಮಾತು. ಸುರತ್ಕಲ್‌ಗೆ ಬಜ್ಪೆ ವಿಮಾನ ನಿಲ್ದಾಣ ಹತ್ತಿರ. ಗದ್ದೆಯೋ ಮೈದಾನವೋ ಆರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ) ಆ ಜಾಗ ಯಾವ ಬಣ್ಣದ ವಲಯದಲ್ಲಿದೆ ಅಂತ ನೋಡಿಕೊಳ್ಳಿ.