ಉತ್ಸವದ ದಿನ ಗೊತ್ತುಮಾಡುವವರು ಯಾರು?

ಜಾತ್ರೆ, ನಾಟಕ, ಸಂಗೀತ, ಮನೆಮಂದಿಯೆಲ್ಲ ಸೇರಿ ಹೋಗಬಹುದಾದ ಉತ್ಸವಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಪ್ರತಿ ವರ್ಷವೂ ಉತ್ಸವ ಮುಗಿದ ಮರುದಿನ ಪತ್ರಿಕೆಯಲ್ಲಿ ಚಿತ್ರ ನೋಡಿ, ‘ಅಯ್ಯೋ, ಇದಕ್ಕೆ ಹೋಗಬಹುದಿತ್ತಲ್ಲ’ ಎಂದು ಪೇಚಾಡಿಕೊಳ್ಳುತ್ತೇವೆ. ಮುಂದೆ ಬರುವ ಕಾರ್ಯಕ್ರಮಗಳ ದಿನಾಂಕ ಮೊದಲೇ ತಿಳಿಯುವುದು ಹೇಗೆ? ಎಲ್ಲವೂ ಒಂದೇ ಪಟ್ಟಿಯಲ್ಲಿ ಸಿಗುವುದಿಲ್ಲವೇ?
— ಗೃಹಿಣಿಯೊಬ್ಬರು, ದಾವಣಗೆರೆ

ಒಂದೇ ಪಟ್ಟಿಗಾಗಿ ಹುಡುಕುವುದಕ್ಕಿಂತ, ಆಯಾ ಉತ್ಸವದ ದಿನವನ್ನು ಯಾರು ಗೊತ್ತುಮಾಡುತ್ತಾರೆ ಎಂಬುದನ್ನು ತಿಳಿದುಕೊಂಡರೆ ನಿಮ್ಮ ಮುಕ್ಕಾಲು ಸಮಸ್ಯೆ ಬಗೆಹರಿಯುತ್ತದೆ. ನಮ್ಮ ರಾಜ್ಯದಲ್ಲಿ ಆ ಕೆಲಸವನ್ನು ಪಂಚಾಂಗ, ಸರ್ಕಾರ ಮತ್ತು ಸಂಘಸಂಸ್ಥೆಗಳು ಹಂಚಿಕೊಂಡಿವೆ.

ಪಂಚಾಂಗ ಗೊತ್ತುಮಾಡಿದ ದಿನವನ್ನು ಯಾವ ಮಂತ್ರಿಯೂ ಮುಂದೂಡಲಾರರು. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿಯೇ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಾರ್ತಿಕ ಮಾಸದ ಕೊನೆಯ ಸೋಮವಾರವೇ ಮುಖ್ಯ ದಿನ. ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ದಿನವೇ ಇಂತಹ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಬಹುದು. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಮಾತ್ರ ಇವು ಓಡಾಡುತ್ತಿರುತ್ತವೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂದಿತ್ತು, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಚಾಂದ್ರಮಾನ ವರ್ಷವು ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬಗಳು ಹೀಗೆ ಹಿಂದೆ ಹಿಂದೆ ಸರಿಯುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಅವುಗಳನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ‘ಹೋದ ವರ್ಷ ಇದೇ ವಾರ ಇತ್ತು’ ಎಂಬ ನೆನಪನ್ನು ನಂಬಿ ರೈಲು ಟಿಕೆಟ್ ಕಾದಿರಿಸಬೇಡಿ.

ಸರ್ಕಾರಿ ಉತ್ಸವಗಳ ಕಥೆ ಬೇರೆ. ಹಂಪಿ ಉತ್ಸವ ಬಹುಕಾಲ ನವೆಂಬರ್ ಮೊದಲ ವಾರಕ್ಕೆ ಹೆಸರಾಗಿತ್ತು. ಈಚೆಗೆ ಅದು 2023ರಲ್ಲಿ ಜನವರಿ 27ರಿಂದ, 2024ರಲ್ಲಿ ಫೆಬ್ರುವರಿ 2ರಿಂದ, 2025ರಲ್ಲಿ ಫೆಬ್ರುವರಿ 28ರಿಂದ ನಡೆಯಿತು. ಬರಗಾಲ, ಚುನಾವಣೆಯ ನೀತಿಸಂಹಿತೆ, ಅನುದಾನ, ಅತಿಥಿಗಳ ಬಿಡುವು ಎಲ್ಲವೂ ಇಂತಹ ಉತ್ಸವಗಳ ದಿನಾಂಕದ ಮೇಲೆ ಪರಿಣಾಮ ಬೀರುತ್ತವೆ. ಬನವಾಸಿಯ ಕದಂಬೋತ್ಸವಕ್ಕೂ ಈ ಮಾತು ಅನ್ವಯಿಸುತ್ತದೆ. ಜಿಲ್ಲಾಡಳಿತ ಅಧಿಕೃತವಾಗಿ ಪ್ರಕಟಿಸುವವರೆಗೆ ಹೊಸಪೇಟೆಯಲ್ಲಿ ಮುಂಗಡ ವಾಪಸು ಕೊಡದ ವಸತಿಗೃಹವನ್ನು ಕಾದಿರಿಸದಿರುವುದು ಜಾಣತನ. ಪೂರ್ವಭಾವಿ ಸಭೆ ನಡೆಯಿತೆಂಬ ಸುದ್ದಿ ಕಂಡರೆ ತಯಾರಿ ಆರಂಭಿಸಿ. ಆದರೆ ಆ ಸುದ್ದಿಯಲ್ಲಿರುವ ದಿನಾಂಕ ಇನ್ನೂ ಹಸಿ ಎಂದೇ ಭಾವಿಸಿ.

ಸಂಸ್ಥೆಗಳು ನಡೆಸುವ ಕಾರ್ಯಕ್ರಮಗಳಿಗೆ ತಾರೀಖು ಬದಲಾದರೂ ಋತು ಬದಲಾಗುವುದು ಅಪರೂಪ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ಅಕ್ಟೋಬರ್ ಆಸುಪಾಸಿನಲ್ಲಿ ನಡೆದರೆ, 1939ರಲ್ಲಿ ಸ್ಥಾಪನೆಯಾದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಹೊತ್ತಿಗೆ ಆರಂಭವಾಗಿ ಸುಮಾರು ಒಂದು ತಿಂಗಳು ಸಾಗುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡಿಕೊಳ್ಳುತ್ತದೆ. ನಿಮಗೆ ಬೇಕಾದ ನಾಲ್ಕೈದು ಸಂಸ್ಥೆಗಳನ್ನು ಆರಿಸಿಕೊಂಡು, ಆಯಾ ಕಾಲಕ್ಕೆ ಎರಡು ತಿಂಗಳು ಮೊದಲು ಅವರ ಪ್ರಕಟಣೆಯ ಮೇಲೆ ಕಣ್ಣಿಡಿ. ಊರೊಳಗಿನ ಸಣ್ಣ ಕಾರ್ಯಕ್ರಮಗಳಿಗೆ ಮಾತ್ರ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಅಂಕಣ ಮತ್ತು ಗ್ರಂಥಾಲಯದ ಸೂಚನಾ ಫಲಕವೇ ಗತಿ.

ಪ್ರಶ್ನೆ: ಎಪ್ಪತ್ತೆಂಟು ದಾಟಿದ ಅತ್ತೆಯವರಿಗೆ ಒಮ್ಮೆ ಜಂಬೂಸವಾರಿ ತೋರಿಸಬೇಕೆಂಬ ಆಸೆ. ಜೊತೆಗೆ ಆರು ವರ್ಷದ ಮಗಳೂ ಇದ್ದಾಳೆ. ಇಬ್ಬರನ್ನೂ ಕರೆದುಕೊಂಡು ಹೋಗಬಹುದೇ?
— ಬ್ಯಾಂಕ್ ನೌಕರರು, ಚಿತ್ರದುರ್ಗ

ಹೋಗಬಹುದು, ಆದರೆ ಜಂಬೂಸವಾರಿಯ ದಿನವೇ ಹೋಗಬೇಕೆ ಎಂಬುದನ್ನು ಇನ್ನೊಮ್ಮೆ ಯೋಚಿಸಿ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ದಾರಿ. ಮೆರವಣಿಗೆ ಹೊರಡುವುದು ಮಧ್ಯಾಹ್ನವಾದರೂ ರಸ್ತೆಬದಿಯಲ್ಲಿ ಒಳ್ಳೆಯ ಜಾಗ ಬೇಕೆನ್ನುವವರು ಬೆಳಿಗ್ಗೆಯಿಂದಲೇ ಬಂದು ಕುಳಿತಿರುತ್ತಾರೆ. ಒಮ್ಮೆ ಕುಳಿತರೆ ನೀರಿಗೂ ಶೌಚಾಲಯಕ್ಕೂ ಎದ್ದು ಹೋಗುವುದು ಕಷ್ಟ. ಎದ್ದರೆ ಆ ಜಾಗ ಮತ್ತೆ ನಿಮ್ಮದಲ್ಲ. ಅರಮನೆ ಆವರಣದೊಳಗೆ ಆಸನದ ಪಾಸು ಅಥವಾ ಟಿಕೆಟ್ ಸಿಕ್ಕರೆ ಮಾತ್ರ ಅತ್ತೆಯವರನ್ನು ಅಂದು ಕರೆದೊಯ್ಯಿರಿ. ಅಲ್ಲಿಯೂ ಬಹಳ ಮೊದಲೇ ಒಳಗೆ ಸೇರಬೇಕಾಗುತ್ತದೆ ಎಂಬುದು ನೆನಪಿರಲಿ.

ನನ್ನನ್ನು ಕೇಳಿದರೆ, ಮಗುವಿಗೆ ತೋರಿಸಬೇಕಾದ ದಸರಾ ಇರುವುದು ನವರಾತ್ರಿಗೆ ಮುಂಚಿನ ವಾರಗಳಲ್ಲಿ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಗೆ ಬಂದ ಮೇಲೆ ಅವುಗಳಿಗೆ ನಿತ್ಯವೂ ತಾಲೀಮು ನಡೆಯುತ್ತದೆ. ಮೊದಲು ಬರಿ ನಡಿಗೆ, ಆಮೇಲೆ ಬೆನ್ನಿನ ಮೇಲೆ ಮರಳಿನ ಮೂಟೆ, ದಿನದಿಂದ ದಿನಕ್ಕೆ ಏರುವ ತೂಕ, ಕೊನೆಗೆ ಮರದ ಅಂಬಾರಿ. ಸುಮಾರು 750 ಕೆ.ಜಿ. ತೂಗುವ ಚಿನ್ನದ ಅಂಬಾರಿಯನ್ನು ಹೊತ್ತು ಅಷ್ಟು ದೂರ ನಡೆಯುವುದಕ್ಕೆ ಇಷ್ಟು ಸಿದ್ಧತೆ ಬೇಕಾಗುತ್ತದೆ. ಕುಶಾಲತೋಪಿನ ಸದ್ದಿಗೆ ಬೆದರದಿರಲೆಂದು ಆನೆ ಕುದುರೆಗಳ ಸಮ್ಮುಖದಲ್ಲಿ ಫಿರಂಗಿ ಸಿಡಿಸುವ ತಾಲೀಮೂ ಇರುತ್ತದೆ. ಮೊದಲ ಸದ್ದಿಗೆ ಕಿವಿ ನಿಮಿರಿಸಿ ಹಿಂದೆ ಸರಿಯುವ ಆನೆ ಕೆಲವು ಸುತ್ತು ಕಳೆಯುವ ಹೊತ್ತಿಗೆ ಕದಲದೆ ನಿಲ್ಲುವುದನ್ನು ನೋಡಿದ ಮಗುವಿಗೆ ಮೆರವಣಿಗೆಯ ಅರ್ಥವೇ ಬೇರೆಯಾಗುತ್ತದೆ. ತಾಲೀಮಿನ ಆನೆಗಳನ್ನು ಬೆಳಗಿನ ಹೊತ್ತು ರಸ್ತೆಬದಿಯಲ್ಲಿ ನಿಂತು ನೂಕುನುಗ್ಗಲಿಲ್ಲದೆ ನೋಡಬಹುದು. ಹತ್ತಿರ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಸಾಹಸ ಮಾತ್ರ ಬೇಡ.

ಅತ್ತೆಯವರಿಗೆ ನವರಾತ್ರಿಯ ನಡುವಿನ ಒಂದು ಸಂಜೆ, ಅರಮನೆಯ ಮುಂಭಾಗದಲ್ಲಿ ನಡೆಯುವ ಸಂಗೀತ ಕಛೇರಿ ಹೆಚ್ಚು ಹಿಡಿಸೀತು. ಕುರ್ಚಿ ಇರುತ್ತದೆ, ಕಣ್ಣೆದುರಿಗೆ ದೀಪಾಲಂಕಾರದ ಅರಮನೆ ಇರುತ್ತದೆ, ಸಾಕೆನಿಸಿದಾಗ ಎದ್ದು ಬರಬಹುದು. ವಾರಾಂತ್ಯ ಬಿಟ್ಟು ವಾರದ ನಡುವಿನ ದಿನ ಆರಿಸಿಕೊಳ್ಳಿ. ದಸರಾ ವಸ್ತುಪ್ರದರ್ಶನವಂತೂ ವಿಜಯದಶಮಿ ಕಳೆದ ಮೇಲೂ ವಾರಗಟ್ಟಲೆ ನಡೆಯುವುದರಿಂದ ಅದಕ್ಕೆ ಅವಸರಪಡಬೇಕಾಗಿಲ್ಲ.

ಪ್ರಶ್ನೆ: ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ನಾಟಕದ ರುಚಿ ಹತ್ತಿಸಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು?
— ಶಿಕ್ಷಕ ದಂಪತಿ, ಮಂಡ್ಯ

ದೊಡ್ಡವರ ನಾಟಕದಿಂದ ಬೇಡ. ಬೆಂಗಳೂರಿನ ರಂಗಶಂಕರದಂತಹ ಕಡೆ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತಾರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಈ ಶಿಸ್ತು ರಂಗಭೂಮಿಗೆ ಮಾಡಿರುವ ಉಪಕಾರ ದೊಡ್ಡದು. ಆದರೆ ನಾಲ್ಕು ವರ್ಷದ ಮಗು ಮೂರನೆಯ ದೃಶ್ಯದಲ್ಲಿ ‘ಮನೆಗೆ ಹೋಗೋಣ’ ಎಂದು ರಾಗ ತೆಗೆದರೆ ನಟರಿಗೂ ಕಷ್ಟ, ನಿಮಗೂ ಸಂಕೋಚ. ಪುಟ್ಟ ಮಕ್ಕಳಿಗಾಗಿಯೇ ಸಿದ್ಧಪಡಿಸಿದ ನಾಟಕಗಳೂ ಅದೇ ರಂಗಮಂದಿರದಲ್ಲಿ ‘ಆಹಾ’ ಎಂಬ ಮಕ್ಕಳ ರಂಗಭೂಮಿ ಯೋಜನೆಯಡಿ ನಡೆಯುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಎಷ್ಟು ವಯಸ್ಸಿನವರಿಗೆಂದು ಬರೆದಿದ್ದಾರೆ, ಅವಧಿ ಎಷ್ಟು ಎಂಬುದನ್ನು ನೋಡಿಕೊಳ್ಳಿ. ಚಿಕ್ಕವನಿಗೆ ಮುಕ್ಕಾಲು ಗಂಟೆ ಮೀರದಿರಲಿ. ಗೊಂಬೆಯಾಟ ಸಿಕ್ಕರೆ ಇನ್ನೂ ಒಳ್ಳೆಯದು.

ದೊಡ್ಡ ಮಗುವಿನ ವಿಚಾರದಲ್ಲಿ ನೀವು ಮಂಡ್ಯದಲ್ಲಿರುವುದೇ ಅನುಕೂಲ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಮೈಸೂರಿನ ರಂಗಾಯಣ ಬೇಸಿಗೆ ರಜೆಯಲ್ಲಿ ‘ಚಿಣ್ಣರ ಮೇಳ’ ನಡೆಸುತ್ತದೆ. ಅಲ್ಲಿ ಮಕ್ಕಳು ನೋಡುಗರಾಗಿ ಉಳಿಯುವುದಿಲ್ಲ. ಮುಖವಾಡ ಮಾಡುತ್ತಾರೆ, ಹಾಡುತ್ತಾರೆ, ಕೊನೆಗೆ ರಂಗವೇರುತ್ತಾರೆ. ಸ್ಥಳ ಸೀಮಿತವಾದ್ದರಿಂದ ಪರೀಕ್ಷೆ ಮುಗಿಯಲಿ ಎಂದು ಕಾಯದೆ ಅರ್ಜಿಯ ಪ್ರಕಟಣೆಗೆ ಮಾರ್ಚಿನಿಂದಲೇ ಕಾದಿರಿ.

ಪ್ರಶ್ನೆ: ಮೇ ತಿಂಗಳ ಕೊನೆಗೆ ರಜೆಯಲ್ಲಿ ಉಡುಪಿ ಕಡೆ ಬರುತ್ತಿದ್ದೇವೆ. ಯಕ್ಷಗಾನ ಬಯಲಾಟ ನೋಡಬಹುದೇ? ರಾತ್ರಿಯಿಡೀ ಕೂರಲೇಬೇಕೇ?
— ಓದುಗರೊಬ್ಬರು, ಕಲಬುರಗಿ

ಮೇ ಕೊನೆ ಎಂದರೆ ತಡವಾಯಿತು. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಡುವ ಮೇಳಗಳು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ತುಳು ತಿಂಗಳ ಲೆಕ್ಕದ ಆ ದಿನ ಮೇ ನಾಲ್ಕನೆಯ ವಾರಕ್ಕೆ ಬರುತ್ತದೆ. ಸಾಧ್ಯವಾದರೆ ಪ್ರವಾಸವನ್ನು ಏಪ್ರಿಲ್ ಕೊನೆಗೆ ಹಿಂದೂಡಿ. ಭಕ್ತರು ಹರಕೆ ಹೊತ್ತು ಆಡಿಸುವ ಸೇವೆಯಾಟಗಳಿಗೆ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದು. ಅಂದಂದಿನ ಆಟ ಎಲ್ಲೆಲ್ಲಿ ಎಂಬುದು ಕರಾವಳಿಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಹಲವು ಮೇಳಗಳು ಈಗ ಕಾಲಮಿತಿಯ ಪ್ರಯೋಗಕ್ಕೆ ಹೊಂದಿಕೊಂಡಿರುವುದರಿಂದ ನಡುರಾತ್ರಿಯ ಸುಮಾರಿಗೆ ಆಟ ಮುಗಿಯುವುದೂ ಉಂಟು. ಬೆಳಗಿನ ಜಾವದ ರಾಕ್ಷಸ ವೇಷದ ಪ್ರವೇಶ, ಅದಕ್ಕೇರುವ ಚೆಂಡೆಯ ಬಡಿತ ಕಾಲಮಿತಿಯಲ್ಲಿ ಸ್ವಲ್ಪ ಸಪ್ಪೆಯಾಯಿತೆಂದು ಕೊರಗುವವರ ಪಕ್ಷದಲ್ಲಿ ನಾನೂ ಇದ್ದೇನೆ. ಆದರೆ ಮಕ್ಕಳೊಡನೆ ಬರುವವರಿಗೆ ಅದೇ ಅನುಕೂಲ.

ಮಳೆಗಾಲದಲ್ಲೇ ಬರಬೇಕಾದರೆ ನಿರಾಶೆ ಬೇಡ. ಆಗ ಇಬ್ಬರು ವೇಷಧಾರಿಗಳು, ಭಾಗವತರು, ಚೆಂಡೆ ಮದ್ದಳೆಯವರಿರುವ ಚಿಕ್ಕಮೇಳಗಳು ಸಂಜೆಯ ಹೊತ್ತು ಮನೆಮನೆಗೆ ಬಂದು ಪುಟ್ಟ ಪ್ರಸಂಗ ಆಡುತ್ತವೆ. ಪರಿಚಿತರ ಮನೆಯಲ್ಲಿ ಉಳಿದುಕೊಂಡರೆ ಆ ಭಾಗ್ಯ ನಿಮ್ಮದಾದೀತು.

ಪ್ರಶ್ನೆ: ಬಾದಾಮಿಯ ಬನಶಂಕರಿ ಜಾತ್ರೆಯ ನಾಟಕಗಳಿಗೆ ಕುಟುಂಬ ಸಮೇತ ಹೋಗಬಹುದೇ?
— ಓದುಗರೊಬ್ಬರು, ತುಮಕೂರು

ಖಂಡಿತ. ಬನದ ಹುಣ್ಣಿಮೆಯ ತೇರಿನ ದಿನದ ಜನಸಾಗರ ಬೇಡವೆಂದರೆ ಒಂದು ವಾರ ಬಿಟ್ಟು ಹೋಗಿ. ನಾಟಕ ಕಂಪನಿಗಳ ಡೇರೆ ಆಮೇಲೂ ವಾರಗಟ್ಟಲೆ ಇರುತ್ತವೆ. ಕೆಲವು ಕಂಪನಿಗಳ ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಧಾರಾಳ. ಮೊದಲ ಆಟ ನೋಡಿ ಬಂದವರನ್ನು ವಿಚಾರಿಸಿ ಟಿಕೆಟ್ ಕೊಳ್ಳಿ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದಿಂದ ರಾಜ್ಯೋತ್ಸವ ಮಾಡುತ್ತೇವೆ. ಕಳೆದ ಸಲ ಧ್ವನಿವರ್ಧಕದ ಬಗ್ಗೆ ತಕರಾರು ಬಂತು. ನಿಯಮ ಏನು? ಕಾರ್ಯಕ್ರಮವನ್ನು ಹೇಗೆ ಹೊಂದಿಸಬೇಕು?
— ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ

ಶಬ್ದ ಮಾಲಿನ್ಯ ನಿಯಂತ್ರಣಕ್ಕೆ 2000ದಲ್ಲಿ ಜಾರಿಯಾದ ಕೇಂದ್ರದ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗಾಗಿ ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದಾದರೂ ಅದು ಸರ್ಕಾರ ಮೊದಲೇ ಗೊತ್ತುಪಡಿಸಿದ ದಿನಗಳಿಗೆ ಮಾತ್ರ ಸಲ್ಲುತ್ತದೆ, ಸಂಘ ತಾನಾಗಿ ಆರಿಸಿಕೊಳ್ಳುವಂತಿಲ್ಲ. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಪ್ರದೇಶ ನಿಶ್ಶಬ್ದ ವಲಯವಾಗಿರಬಹುದು. ವೇದಿಕೆ ಹಾಕುವ ಮುನ್ನ ಠಾಣೆಯಲ್ಲಿ ವಿಚಾರಿಸಿ.

ಇನ್ನು ಹೊಂದಾಣಿಕೆಯ ಮಾತು. ಬಹುತೇಕ ಬಡಾವಣೆಗಳಲ್ಲಿ ಕಾರ್ಯಕ್ರಮ ಹತ್ತು ಗಂಟೆ ದಾಟುವುದಕ್ಕೆ ಮಕ್ಕಳ ನೃತ್ಯ ಕಾರಣವಲ್ಲ, ಅದಕ್ಕೆ ಮುಂಚಿನ ಸನ್ಮಾನ ಮತ್ತು ಭಾಷಣಗಳೇ ಕಾರಣ. ಐದು ಗಂಟೆಗೇ ಬಣ್ಣ ಹಚ್ಚಿಸಿಕೊಂಡು, ಸೀರೆಗೆ ಪಿನ್ನು ಚುಚ್ಚಿಸಿಕೊಂಡು ಕುಳಿತ ಒಂದನೆಯ ತರಗತಿಯ ‘ಕಿತ್ತೂರು ಚೆನ್ನಮ್ಮ’ ಎಂಟೂವರೆಗೆ ಹೆಸರು ಕೂಗುವಷ್ಟರಲ್ಲಿ ಕತ್ತಿ ಹಿಡಿದುಕೊಂಡೇ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿರುತ್ತಾಳೆ. ಧ್ವಜಾರೋಹಣವನ್ನು ಬೆಳಿಗ್ಗೆ ಮುಗಿಸಿ, ಸಂಜೆ ಐದೂವರೆಗೆ ಪುಟ್ಟ ಮಕ್ಕಳಿಂದಲೇ ಆರಂಭಿಸಿ. ಸಭಾ ಕಾರ್ಯಕ್ರಮ ನಡುವೆ ಬಂದು ಅರ್ಧ ಗಂಟೆಗೆ ಮುಗಿಯಲಿ, ದೊಡ್ಡವರ ಹಾಡು ನಾಟಕ ಕೊನೆಗಿರಲಿ. ಮಕ್ಕಳನ್ನು ನೋಡಲು ಬಂದ ಪೋಷಕರು ಎದ್ದು ಹೋಗದಂತೆ ಬಹುಮಾನ ವಿತರಣೆಯನ್ನು ಸಭೆಯ ಜೊತೆಗೇ ಇಟ್ಟುಕೊಳ್ಳಿ. ನವೆಂಬರ್ 1ರಂದೇ ಮಾಡಬೇಕೆಂಬ ಹಟವೂ ಬೇಡ. ಅಂದು ಕಲಾವಿದರಿಗೂ ಶಾಮಿಯಾನದವರಿಗೂ ಬಿಡುವಿರುವುದಿಲ್ಲ. ಆ ತಿಂಗಳ ಮೂರನೆಯ ಭಾನುವಾರಕ್ಕೆ ಇಬ್ಬರೂ ಸುಲಭವಾಗಿ ಸಿಗುತ್ತಾರೆ.

ಪ್ರಶ್ನೆ: ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಯಾವ ದಿನ ಹೋದರೆ ಒಳ್ಳೆಯದು?
— ಓದುಗರೊಬ್ಬರು, ಕೋಲಾರ

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ ವರ್ಷಕ್ಕೆರಡು ಸಲ ನಡೆಯುವ ಈ ಪ್ರದರ್ಶನಕ್ಕೆ ಆರಂಭವಾದ ಎರಡನೆಯ ಅಥವಾ ಮೂರನೆಯ ದಿನ, ಅದು ವಾರದ ನಡುವೆ ಬಂದರೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹೂವು ಬಾಡಿರುವುದಿಲ್ಲ, ಗಾಜಿನಮನೆಯೊಳಗೆ ನಿಂತು ನೋಡುವಷ್ಟು ಜಾಗವೂ ಇರುತ್ತದೆ. ಜನವರಿ 26 ಮತ್ತು ಆಗಸ್ಟ್ 15ರಂದು ಮಾತ್ರ ಆ ಕಡೆ ಸುಳಿಯಬೇಡಿ. ಸ್ವಂತ ವಾಹನ ಬಿಟ್ಟು ಮೆಟ್ರೊದಲ್ಲಿ ಬಂದರೆ ಲಾಲ್‌ಬಾಗ್ ನಿಲ್ದಾಣದಿಂದ ನಡೆದೇ ಹೋಗಬಹುದು.