ಇಳಿದ ದಿನವೇ ಬರೆದಿಡಿ

ಮಾನ್ಯ ಮಾಸ್ತರರೇ,

ಡೊಂಬಿವಲಿಯಿಂದ ನೀವು ಬರೆದ ಪತ್ರ ಕೈಸೇರಿದೆ. ಕಳೆದ ಸಂಚಿಕೆಯಲ್ಲಿ ವಿಯೆಟ್ನಾಂನ ರಾಜಧಾನಿ ಹನೋಯಿಯ ಬಗ್ಗೆ ಬಂದ ಲೇಖನ ನಿಮಗೆ ಬೇಸರ ತಂದಿದೆ. ವಿಮಾನದಿಂದ ಇಳಿದು ಎರಡು ದಿನವಾಗುವಷ್ಟರಲ್ಲಿ ಒಂದು ದೇಶದ ಬಗ್ಗೆ ಬರೆಯುವುದು ದುಡುಕು, ಅದನ್ನು ಅಚ್ಚು ಹಾಕುವುದು ಇನ್ನೂ ದೊಡ್ಡ ದುಡುಕು ಎಂದಿದ್ದೀರಿ. ಅಲ್ಲೇ ನೆಲೆಸಿದ ಕನ್ನಡಿಗರಿಂದ ಮಾತ್ರ ಬರೆಸಿ ಎಂದು ಸಲಹೆಯನ್ನೂ ಕೊಟ್ಟಿದ್ದೀರಿ. ಆ ಸಲಹೆಯನ್ನು ನಾನು ಒಪ್ಪಲಾರೆ.

1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹಡಗು ಹತ್ತಿ ಹೊನ್ನಾವರಕ್ಕೆ ಬಂದ. ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟವರು ಅವರು. ಆ ಪ್ರಯಾಣದಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ಅವನ ಕಣ್ಣಿಗೆ ಬಿದ್ದರು. ನೆಲದ ಮೇಲೆ ನಯವಾದ ಮರಳು ಹರಡಿತ್ತು. ಒಬ್ಬ ಲೆಕ್ಕವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿದ್ದ, ಉಳಿದವರು ಅದೇ ರಾಗದಲ್ಲಿ ಹೇಳಿ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವುದು. ಮಾಸ್ತರರು ಎದುರಿಗಿಲ್ಲ, ಮರೆತರೆ ತಿದ್ದುವವರು ಯಾರು ಎಂದು ದೆಲ್ಲಾ ವಲ್ಲೆ ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದುಂಟೇ, ಒಬ್ಬ ಮರೆತರೆ ಇನ್ನೊಬ್ಬ ಹೇಳಿಕೊಡುತ್ತಾನೆ ಎಂಬ ಅರ್ಥದ ಉತ್ತರ ಬಂತು.

ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಮಕ್ಕಳು ಮಗ್ಗಿ ಕಲಿಯುತ್ತಿದ್ದ ಪರಿ ಇಷ್ಟು ಹತ್ತಿರದಿಂದ ನಮಗೆ ಸಿಕ್ಕಿರುವುದು ಊರು ದಾಟಿ ಹೋಗುತ್ತಿದ್ದ ಒಬ್ಬ ಹೊಸಬನಿಂದ. ಅದೇ ಊರಿನವರಿಗೆ ಅದು ದಿನಬೆಳಗಾದರೆ ಕಾಣುವ ನೋಟ. ಬರೆದಿಡುವಂಥದ್ದು ಎಂದು ಯಾರಿಗೆ ಅನ್ನಿಸೀತು? ನೀವು ಜೀವನವಿಡೀ ಪಾಠ ಹೇಳಿದವರು. ಈ ಒಂದು ಪುಟದ ಬೆಲೆ ನನಗಿಂತ ನಿಮಗೇ ಹೆಚ್ಚು ಗೊತ್ತು.

ನಮ್ಮ ಲೋಕಲ್ ರೈಲನ್ನೇ ನೋಡಿ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನು ಬಂದು ನಿಂತರೆ ಮಾತಿಲ್ಲದೆ ಎಲ್ಲರೂ ಸರಿದು ಅರ್ಧ ಜಾಗ ಬಿಡುತ್ತಾರೆ. ಮುಂಬಯಿಗೆ ಮೊದಲ ಸಲ ಬಂದವರು ಊರಿಗೆ ಮರಳಿದ ಮೇಲೂ ಇದನ್ನು ಹೇಳುತ್ತಿರುತ್ತಾರೆ. ವರ್ಷಗಟ್ಟಲೆ ಓಡಾಡಿದ ನಮ್ಮಲ್ಲಿ ಇದರ ಬಗ್ಗೆ ಬರೆದವರೆಷ್ಟು ಮಂದಿ?

ಹನೋಯಿ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಇಂಥವೇ. ಅಲ್ಲಿನ ಹಣ ಡಾಂಗ್. ಐದು ಲಕ್ಷ ಡಾಂಗ್‌ನ ನೋಟೂ ಇಪ್ಪತ್ತು ಸಾವಿರದ್ದೂ ನೀಲಿ, ಎರಡರ ಮೇಲೂ ಹೋ ಚಿ ಮಿನ್ ಮುಖ. ಸಂಜೆಯ ಬೆಳಕಿನಲ್ಲಿ ಹೊಸಬರು ಸೊನ್ನೆ ಎಣಿಸುತ್ತ ನಿಲ್ಲಬೇಕು. ರಸ್ತೆ ದಾಟುವಾಗ ಸ್ಕೂಟರುಗಳ ಹಿಂಡು ನಿಲ್ಲುವುದಿಲ್ಲ. ಓಡದೆ, ಹಿಂಜರಿಯದೆ ಒಂದೇ ಸಮನೆ ಹೆಜ್ಜೆ ಹಾಕಿದರೆ ಸವಾರರೇ ಸುತ್ತಿ ಹೋಗುತ್ತಾರೆ. ಅಲ್ಲಿ ಹತ್ತು ವರ್ಷ ಇದ್ದವರ ಕಾಲಿಗೆ ಇದು ಅಭ್ಯಾಸವಾಗಿರುತ್ತದೆ, ಲೇಖನಿಗೆ ಬರುವುದಿಲ್ಲ.

ಆದರೆ ಆ ಲೇಖನದ ‘ಇಲ್ಲಿನ ಜನ ನಗುವುದೇ ಇಲ್ಲ’ ಎಂಬ ವಾಕ್ಯದ ಮೇಲೆ ನೀವು ಎತ್ತಿದ ಆಕ್ಷೇಪ ನೂರಕ್ಕೆ ನೂರು ಸರಿ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವನ ಮುಖ ಇಡೀ ದೇಶದ ಮುಖವಲ್ಲ. ಕಂಡದ್ದನ್ನು ಬರೆಯುವುದು ಬೇರೆ, ಕಂಡದ್ದರಿಂದ ತೀರ್ಪು ಕೊಡುವುದು ಬೇರೆ.

ದೆಲ್ಲಾ ವಲ್ಲೆಯೂ ತೀರ್ಪು ಕೊಟ್ಟವನೇ. ಅದೇ ವರ್ಷ ಅವನು ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಬರಿಗಾಲಲ್ಲಿ ನಡೆಯುತ್ತ, ನೀರಿಗಾಗಿ ಅಗೆಸುತ್ತಿದ್ದ ಕಾಲುವೆಯನ್ನು ನೋಡಲು ಹೊರಟಿದ್ದಳು. ಅಡುಗೆಮನೆಯ ಕೆಲಸದವಳಂತೆ ಕಾಣುತ್ತಾಳೆ ಎಂದು ಅವನು ಬರೆದ. ತುಳುನಾಡಿನವನಾದ ನನಗೆ ಆ ಸಾಲು ಇಂದಿಗೂ ಚುಚ್ಚುತ್ತದೆ. ಆದರೆ ಆಕೆ ಮಾತನಾಡಿದ ಮೇಲೆ, ಮಾತಿನಲ್ಲಿ ವಿವೇಕವಿದೆ, ರಾಣಿತನ ತೋರುವುದು ಅಲ್ಲೇ ಎಂದೂ ಬರೆದ. ಎರಡನೆಯದು ಬಂತೆಂದು ಮೊದಲನೆಯದನ್ನು ಅಳಿಸಲಿಲ್ಲ. ಹಾಗಾಗಿಯೇ ಅವನು ಹೇಳುವ ಉಳಿದದ್ದನ್ನೂ ನಾನು ನಂಬುತ್ತೇನೆ.

ಮಗಳ ಮನೆಗೆಂದು ಬರುವ ತಿಂಗಳು ಟೋಕಿಯೊಗೆ ಹೊರಟಿರುವುದಾಗಿ ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. ಇಳಿದ ದಿನ, ಎಷ್ಟೇ ದಣಿವಾಗಿದ್ದರೂ, ಮಲಗುವ ಮುನ್ನ ಎರಡು ಪುಟ ಬರೆಯಿರಿ. ಮಗಳನ್ನಾಗಲಿ ಅಳಿಯನನ್ನಾಗಲಿ ಏನನ್ನೂ ಕೇಳದೆ, ಕಂಡದ್ದನ್ನಷ್ಟೇ ಬರೆಯಿರಿ. ಹಿಂತಿರುಗುವ ಹೊತ್ತಿಗೆ ಮತ್ತೆ ಎರಡು ಪುಟ ಬರೆದು, ಮೊದಲಿನದನ್ನು ತಿದ್ದದೆ, ಎರಡನ್ನೂ ನಮಗೆ ಕಳುಹಿಸಿ. ಎದುರುಬದುರು ಪುಟಗಳಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ